ಬಿಸಿಲು ಕುಡಿದ ಸೆಲ್ಲು

"ಶುಕ್ರವಾರದೊಳಗ ನಿಮ್ಮವ್ವನ ದನಿ ಕೇಳಸ್ತೀನಿ! ಕೇಳಸಲಿಲ್ಲಾ ಅಂದ್ರ ನನ್ನ ಹೆಸರು ಅಬ್ದುಲಮಜೀದ ಅಲ್ಲ!"

"ಹೆಸರು ಮಾತ್ರ ಬದಲಿ ಮಾಡಬ್ಯಾಡ್ರಿ. ರೇಶನ್ ಕಾರ್ಡ್ ತಿದ್ದಸಾಕ ಮತ್ತ ಆರು ತಿಂಗಳು ಅಡ್ಡಾಡಬೇಕು," ಎಂದಳು ಹೆಂಡತಿ ಫರ್ಜಾನಾ. ಆದರೆ ಜೋಳದ ಹಿಟ್ಟು ನಾದುತ್ತಿದ್ದ ಅವಳ ಕೈ ನಿಂತಿತ್ತು.

ಅವಳವ್ವ, ನರಗುಂದದ ಜಮಾಲಬಿ, ತೀರಿಕೊಂಡು ಆ ಶುಕ್ರವಾರಕ್ಕೆ ವರ್ಷ. ವರ್ಷದ ಫಾತೇಹಾ ಪ್ರಾರ್ಥನೆಗೆ ನರಗುಂದದಿಂದ ಮಂದಿ ಬರುವವರಿದ್ದರು. ಜಮಾಲಬಿ ಬದುಕಿದ್ದಾಗ ಒಮ್ಮೆಯೂ ಫೋಟೋಕ್ಕೆ ನೆಟ್ಟಗೆ ನಿಂತವಳಲ್ಲ. ರೇಶನ್ ಕಾರ್ಡಿನ ಫೋಟೋದಲ್ಲೂ ಸೆರಗು ಬಿಟ್ಟರೆ ಬೇರೇನೂ ಬಿದ್ದಿರಲಿಲ್ಲ! ಅವಳದೆಂದು ಮಗಳಿಗೆ ಉಳಿದದ್ದು ಎರಡೇ. ಒಂದು, ಹಳೇ ಸೀರೆಯ ತುಂಡು ಸೇರಿಸಿ ಅರ್ಧ ಹೊಲಿದು ಬಿಟ್ಟ ಕೌದಿ. ಸೂಜಿ ಸಹಿತ, ಅವ್ವ ಎಲ್ಲಿ ಚುಚ್ಚಿ ಎದ್ದಿದ್ದಳೋ ಅಲ್ಲೇ. ಇನ್ನೊಂದು, ಮಜೀದರ ಹಳೇ ಕಂಪ್ಯೂಟರಿನಲ್ಲಿ ಕೂತಿದ್ದ ಮೂರು ನಿಮಿಷದ ದನಿ. ಎರಡು ವರ್ಷದ ಹಿಂದೆ ಅತ್ತೆ ಪಡಸಾಲೆಯಲ್ಲಿ ಕೌದಿ ಹೊಲಿಯುತ್ತ ಗುನುಗುತ್ತಿದ್ದಾಗ ಅಳಿಯ ಮೈಕು ಹಿಡಿದು ತುಂಬಿಸಿಕೊಂಡದ್ದು.

ದುರ್ದೈವಕ್ಕೆ ಆ ಕಂಪ್ಯೂಟರಿಗೂ ಆಯುಷ್ಯ ತೀರುತ್ತ ಬಂದಿತ್ತು. ವೈರಸ್ಸು ಬಡಿದು ವಿಂಡೋಸ್ ಮಲಗಿತ್ತು. ದನಿ ಇದ್ದ ಅರ್ಧ ಡಿಸ್ಕು ಮಾತ್ರ ಹೇಗೋ ಉಸಿರು ಹಿಡಿದಿತ್ತು.

"ರೋಣಕ್ಕ ಒಯ್ದು ಯಾರಿಗಾರ ತೋರಸ್ರಿ," ಎಂದಿದ್ದಳು ಫರ್ಜಾನಾ.

"ಆ ಬಸ್ಸಿನ್ಯಾಗೇನು? ನಾ ದಿನಾ ಕುಂತು ನನ್ನ ಸೊಂಟಾನ ಉಳಿದಿಲ್ಲ, ಡಿಸ್ಕ್ ಉಳೀತೈತಿ? ವಿಂಡೋಸ್ ಬದ್ಲಿ ನಾನ ಲಿನಕ್ಸ್ ಹಾಕ್ತೀನಿ!"

ಮಜೀದರು ರೋಣದ ಕಾಲೇಜೊಂದರಲ್ಲಿ ಗುಮಾಸ್ತರು. ಕಾಲೇಜಿಗೆ ಬರುವ ಪತ್ರಿಕೆಯೊಂದರ ಜೊತೆ ಲಿನಕ್ಸಿನ ಸೀಡಿ ಪುಕ್ಕಟೆ ಬಂದಿತ್ತು. ಪುಕ್ಕಟೆ ಬಂದದ್ದನ್ನು ಸುಮ್ಮನೆ ಬಿಡುವುದು ಅವರ ಜಾಯಮಾನದಲ್ಲಿರಲಿಲ್ಲ.

ಮೊದಲು ಪೆಟ್ಟಿಗೆಯ ಶಸ್ತ್ರಚಿಕಿತ್ಸೆ. ಬಿಚ್ಚಿದರೆ ಒಂದು ಮುಷ್ಟಿ ಧೂಳು, ಎರಡು ಹಲ್ಲಿಯ ತತ್ತಿ, ಮತ್ತು ರೂಪಾಯಿ ನಾಣ್ಯದಂಥ ಒಂದು ಸೆಲ್ಲು. ಸೆಲ್ಲು ಮಂಕಾಗಿದ್ದರೆ ಏನು ಮಾಡಬೇಕೆಂದು ಆ ಮನೆಯಲ್ಲಿ ಯಾರಿಗೂ ಹೇಳಿಕೊಡಬೇಕಿರಲಿಲ್ಲ. ಬ್ಯಾಟರಿಯ ಸೆಲ್ಲಿರಲಿ, ರೇಡಿಯೋದ ಸೆಲ್ಲಿರಲಿ, ಮಾಳಿಗೆಯ ಮೇಲೆ ಬಿಸಿಲಿಗಿಟ್ಟು, ಬಿಸಿಲು ಕುಡಿಸಿ ಮತ್ತೆ ಹಾಕುವುದು! ಮಜೀದರ ಅಪ್ಪನ ರೇಡಿಯೋ ಇಂಥ ಬಿಸಿಲುಂಡ ಸೆಲ್ಲಿನ ಮೇಲೆಯೇ ಎಷ್ಟೋ ಸರಕಾರಗಳು ಬಿದ್ದ ಸುದ್ದಿ ಹೇಳಿತ್ತು. ಹಾಗಾಗಿ ಈ ಸೆಲ್ಲೂ ಮೂರು ದಿನ ಫರ್ಜಾನಾಳ ಸಂಡಿಗೆಯ ಮಗ್ಗುಲಲ್ಲಿ ಒಣಗಿತು.

"ಕಾಗಿ ಎತ್ತಿಕೊಂಡು ಹೋದೀತ್ರಿ."

"ಕಾಗಿಗೇನು ತಲಿ ಕೆಟ್ಟೈತಿ, ಬಾಜೂಕ ಸಂಡಿಗಿ ಇಟ್ಟುಕೊಂಡು ಸೆಲ್ ತಿನ್ನಾಕ?"

ಸೆಲ್ಲನ್ನು ತಿರುಗಿ ಕೂರಿಸಿ, "ಇನ್ನ ಹತ್ತು ವರ್ಷ ಚಿಂತಿಲ್ಲ!" ಎಂದು ಸಾರಿದರು.

ಭಾನುವಾರ ಲಿನಕ್ಸ್ ಹತ್ತಿತು. ಡಿಸ್ಕಿನ ಇನ್ನರ್ಧ ತೆರೆದರೆ, ದೇವರ ದಯೆ, "ಅವ್ವ" ಎಂಬ ಫೈಲು ಅಲ್ಲೇ ಇದೆ! ಫರ್ಜಾನಾ ಸೆರಗಿಗೆ ಕೈ ಒರೆಸಿಕೊಂಡು ಓಡಿ ಬಂದಳು. ಮಜೀದರು ಗತ್ತಿನಿಂದ ಮೌಸು ಒತ್ತಿದರು.

ಸದ್ದಿಲ್ಲ.

ಆ ಬಗೆಯ ಹಾಡು ನುಡಿಸುವ ಸಾಫ್ಟ್‌ವೇರು ಲಿನಕ್ಸಿನ ಜೊತೆ ಬಂದಿರಲಿಲ್ಲ. ಅದಕ್ಕೆ ಯಾರದೋ ಪೇಟೆಂಟಿನ ತಕರಾರಂತೆ. ಪ್ಯಾಕೇಜು ತಂದು ಮನೆಯಲ್ಲೇ ಕಟ್ಟಿಕೊಳ್ಳಬೇಕು.

"ಅಂದ್ರ ಅವರು ಹಿಟ್ಟು ಕೊಡ್ತಾರ, ರೊಟ್ಟಿ ನಾವ ಬಡೀಬೇಕು," ಎಂದು ಮಜೀದರು ಬಿಡಿಸಿ ಹೇಳಿದರು.

"ಹಂಗಾದ್ರ ನಿಮಗ ಉಪಾಸನ ಗತಿ," ಎಂದಳು ಫರ್ಜಾನಾ. ನಕ್ಕಳು. ಆ ವಾರದಲ್ಲಿ ಅವಳು ನಕ್ಕದ್ದು ಅದೇ ಕಡೆಯದು.

ಹಿಟ್ಟು ರೋಣದಿಂದ ಬರಬೇಕು, ಫ್ಲಾಪಿಯಲ್ಲಿ. ಆ ಮುದಿ ಪೆಟ್ಟಿಗೆಗೆ ಸೀಡಿ ಓದುವ ಬಾಯಿ ಬಿಟ್ಟರೆ ಬೇರೆ ಬಾಯಿ ಇರಲಿಲ್ಲ, ಸೀಡಿ ಬರೆಯುವ ಮಷಿನ್ನು ರೋಣದಲ್ಲೂ ಇರಲಿಲ್ಲ. ಅವ್ವನ ದನಿಯನ್ನೇ ರೋಣಕ್ಕೆ ಒಯ್ಯೋಣವೆಂದರೆ ಅದು ಫ್ಲಾಪಿಯ ಹೊಟ್ಟೆಯ ಎರಡು ಪಟ್ಟು ದೊಡ್ಡದು. ಬದುಕಿದ್ದಾಗಲೂ ಜಮಾಲಬಿ ಸಣ್ಣ ಜಾಗದಲ್ಲಿ ಹಿಡಿಸಿದವಳಲ್ಲ!

ಸೋಮವಾರ ಸಂಜೆ ಮಜೀದರು ಮೊದಲ ಪ್ಯಾಕೇಜು ಹಾಕಿ ಕಟ್ಟಲು ಆಜ್ಞೆ ಕೊಟ್ಟರು. ಪರದೆಯ ಮೇಲೆ ಇಂಗ್ಲಿಷು ಹರಿಯಿತು. "ಕಟ್ಟುವ ವಾತಾವರಣದ ಬುದ್ಧಿ ಸ್ಥಿಮಿತದಲ್ಲಿದೆಯೇ ನೋಡುತ್ತಿದ್ದೇನೆ" ಎಂಬರ್ಥದ ಒಂದು ಸಾಲು ಬಂತು. ಅದರ ಬೆನ್ನಿಗೇ "ಎರರ್!" ಆಮೇಲೆ ಇನ್ನೂ ಏನೋ ಇತ್ತು. ಆದರೆ ಎರರ್ ಎಂಬ ಪದ ಕಂಡರೆ ಮಜೀದರು, ಪೊಲೀಸರನ್ನು ಕಂಡ ಇಸ್ಪೀಟು ಮಂಡಳಿಯಂತೆ, ಅಲ್ಲಿ ನಿಲ್ಲುತ್ತಲೇ ಇರಲಿಲ್ಲ. ಬುದ್ಧಿ ಸ್ಥಿಮಿತದ ಸಾಲನ್ನಷ್ಟೇ ಚೀಟಿಯಲ್ಲಿ ಬರೆದುಕೊಂಡರು.

ಮಂಗಳವಾರ ಚೀಟಿ ರೋಣದ ಇಂಟರ್ನೆಟ್ ಅಂಗಡಿಯ ಮಹಾಲಿಂಗಪ್ಪನ ಕೈಗೆ ಹೋಯಿತು.

"ಪ್ಯಾಕೇಜ್ ಹಳೇದಿದ್ದೀತ್ರಿ ಸರ. ಹೊಸಾದು ಒಯ್ರಿ."

ಹೊಸದೂ ಸಂಜೆ ಅದೇ ಜಾಗದಲ್ಲಿ, ಅದೇ ಮಾತು ಆಡಿ ಪ್ರಾಣ ಬಿಟ್ಟಿತು.

ಬುಧವಾರ ಮಹಾಲಿಂಗಪ್ಪ ಚೀಟಿಯನ್ನು ಬೆಳಕಿಗೆ ಹಿಡಿದ. "ಎನ್ವಿರಾನ್ಮೆಂಟ್ ಅಂದ್ರ ವಾತಾವರಣರಿ ಸರ. ಏಪ್ರಿಲ್ ಸೆಕಿ, ಧೂಳ... ಮನಶಾರ ತಲೀನ ನಿಂದ್ರವಲ್ವು, ಮಷಿನ್ ಏನ್ ಮಾಡೀತು? ತಂಪ ಮಾಡ್ರಿ ಅದಕ್ಕ."

ಮಜೀದರಿಗೆ ಜ್ಞಾನೋದಯವಾಯಿತು! ಮನೆಗೆ ಬಂದವರೇ ಟೇಬಲ್ ಫ್ಯಾನನ್ನು ಕಂಪ್ಯೂಟರಿನ ಕಡೆ ತಿರುಗಿಸಿದರು. ಅರ್ಥಿಂಗಿನ ತಂತಿ ಹುಗಿದ ಗುಂಡಿಗೆ ಎರಡು ಕೊಡ ಉಪ್ಪು ನೀರು ಸುರಿದರು. ಇನ್ನು ಕಿಟಕಿಗೆ ಹಸಿ ಗೋಣಿಚೀಲ ಕಟ್ಟಿದರೆ ಪಡಸಾಲೆ ಊಟಿ! ಗೋಣಿ ಸಿಗಲಿಲ್ಲ. ಟ್ರಂಕಿನ ಮೇಲೆ ಮಡಚಿಟ್ಟ ದಪ್ಪನೆಯ ಬಟ್ಟೆಯೊಂದು ಕಂಡಿತು. ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ಕಿಟಕಿಗೆ ಕಟ್ಟಿ, ಪೆಟ್ಟಿಗೆಯ ಮುಂದೆ ಕೂತು ಮತ್ತೆ ಆಜ್ಞೆ ಕೊಟ್ಟರು. ಅದೇ ಎರರು!

ಫರ್ಜಾನಾ ಹಿತ್ತಲಿಂದ ಬಂದವಳು ಕಿಟಕಿ ನೋಡಿದಳು.

ಅವ್ವನ ಕೌದಿ ತೊಟ್ಟಿಕ್ಕುತ್ತಿತ್ತು. ಹಳೇ ಸೀರೆಯ ಕೆಂಪು ತುಂಡಿನ ಬಣ್ಣ ಬಿಳಿ ತುಂಡಿನ ಮೇಲೆ ಇಳಿದಿತ್ತು. ಅವಳು ಬೈಯಲಿಲ್ಲ. ಬೈದಿದ್ದರೆ ಮಜೀದರು ಬದುಕಿಕೊಳ್ಳುತ್ತಿದ್ದರು. ಸುಮ್ಮನೆ ಕುಕ್ಕರಗಾಲಲ್ಲಿ ಕೂತು, ಬಕೆಟ್ಟಿನ ಕೆಂಪು ನೀರಿನಲ್ಲಿ ಕೈಯಾಡಿಸಿ, ಸೂಜಿ ಹುಡುಕತೊಡಗಿದಳು.

"ನಾ ನೋಡಲಿಲ್ಲ ಫರ್ಜಾನಾ... ಗೋಣಿಚೀಲ ಅಂತ ತಿಳಕೊಂಡು..."

ಸೂಜಿ ಸಿಕ್ಕಿತು. ಅದು ಎಲ್ಲಿ ಚುಚ್ಚಿತ್ತೆಂಬುದು ಸಿಗಲಿಲ್ಲ.

ಗುರುವಾರ ಬೆಳಿಗ್ಗೆ ರೊಟ್ಟಿಯ ತಟ್ಟೆ ಮಾತಿಲ್ಲದೆ ಬಂತು, ಮಾತಿಲ್ಲದೆ ಹೋಯಿತು. ಬಸ್ಸಿನಲ್ಲಿ ಮಜೀದರು ಕಿಟಕಿಯ ಕಡೆ ನೋಡಲಿಲ್ಲ. ಯಾವ ಕಿಟಕಿ ನೋಡಿದರೂ ಅದೇ ಕಾಣುತ್ತಿತ್ತು. ಮಹಾಲಿಂಗಪ್ಪ ಅಂಗಡಿಯಿಂದ, "ಸರ, ತಂಪಾತೇನ್ರಿ?" ಎಂದು ಕೂಗಿದ. ಕೇಳದವರಂತೆ ನಡೆದರು. ತಂಪಾಗಿತ್ತು, ಇಡೀ ಮನೆಯೇ ತಣ್ಣಗಾಗಿತ್ತು.

ಸಂಜೆ ಮನೆಗೆ ಬಂದರೆ ಕಂಪ್ಯೂಟರಿನ ಮುಂದೆ ಫರ್ಜಾನಾ ಕೂತಿದ್ದಾಳೆ! ನಿನ್ನೆಯ ಎರರು ಪರದೆಯ ಮೇಲೆ ಹಾಗೇ ನಿಂತಿತ್ತು. ಅವಳು ಬೆರಳಿಟ್ಟು ಓದುತ್ತಿದ್ದಳು.

"ಈ ಕಡೀ ಸಾಲು ಓದೀರೇನ್ರಿ?" ಒಂದು ದಿನದ ಮೇಲೆ ಆಡಿದ ಮೊದಲ ಮಾತು.

"ಅದೆಲ್ಲಾ ಟೆಕ್ನಿಕಲ್ ಇರತೈತಿ, ನಿನಗ..." ಎಂದವರು ಕಿಟಕಿ ನೆನಪಾಗಿ ಬಾಯಿ ಮುಚ್ಚಿದರು.

"ಚೆಕ್ ಯುವರ್ ಸಿಸ್ಟಮ್ ಕ್ಲಾಕ್ ಅಂತ ಐತಿ. ಕ್ಲಾಕ್ ಅಂದ್ರ ಗಡಿಯಾರ. ಹತ್ತನೇತ್ತಾ ತನಕ ಕಲ್ತೀನ್ರಿ ನಾನೂ."

ಮಜೀದರು ಎಂದಿಲ್ಲದ ವಿನಯದಿಂದ ತಾರೀಖು ಕೇಳುವ ಆಜ್ಞೆ ಒತ್ತಿದರು. ಪೆಟ್ಟಿಗೆ ನಿಸ್ಸಂಕೋಚವಾಗಿ ಉತ್ತರಿಸಿತು: ಜನವರಿ, ಸಾವಿರದ ಒಂಬೈನೂರ ಎಂಬತ್ತು.

ಪೆಟ್ಟಿಗೆಯ ಗಡಿಯಾರ ನಡೆಸಬೇಕಿದ್ದ ಆ ಬಿಸಿಲು ಕುಡಿದ ಸೆಲ್ಲು ಇದ್ದ ಜೀವವನ್ನೂ ಮಾಳಿಗೆಯ ಮೇಲೇ ಬಿಟ್ಟು ಬಂದಿತ್ತು! ಊರಲ್ಲಿ ಕರೆಂಟು ಹೋದಾಗೊಮ್ಮೆ ಪೆಟ್ಟಿಗೆ ಎಂಬತ್ತನೇ ಇಸವಿಗೆ ಹೋಗಿ ಬೀಳುತ್ತಿತ್ತು. ಎಂಬತ್ತರಲ್ಲಿ ಕೂತವನ ಕೈಗೆ ಎರಡು ಸಾವಿರದ ನಾಲ್ಕರ ಫೈಲು ಕೊಟ್ಟು ಕಟ್ಟಪ್ಪಾ ಎಂದರೆ, ಬುದ್ಧಿ ಸ್ಥಿಮಿತದಲ್ಲಿದೆಯೇ ಎಂದು ಅವನು ಕೇಳಿದ್ದು ತಪ್ಪೇ? ಉತ್ತರವನ್ನೂ ನಾಲ್ಕು ದಿನದಿಂದ ಅವನೇ ಹೇಳುತ್ತಿದ್ದ.

"ಎಂಬತ್ತನೇ ಇಸ್ವಿ..." ಎಂದಳು ಫರ್ಜಾನಾ ಮೆಲ್ಲಗೆ. "ನಮ್ಮವ್ವಗ ಆವಾಗ ಒಂದೂ ಬಿಳಿ ಕೂದಲಿರಲಿಲ್ಲ."

ಗೋಡೆಯ ಕ್ಯಾಲೆಂಡರು ನೋಡಿ ಅವಳು ತಾರೀಖು ಹೇಳಿದಳು, ಇವರು ಒತ್ತಿದರು. ಮತ್ತೆ ಆಜ್ಞೆ. ಬುದ್ಧಿ ಸ್ಥಿಮಿತದ ಪ್ರಶ್ನೆ ಬಂತು, ಈ ಸಲ "ಎಸ್" ಅಂದಿತು! ಸಾಲುಗಳು ಹರಿದವು. ಮುದಿ ಪೆಟ್ಟಿಗೆ ಮುಕ್ಕಾಲು ಗಂಟೆ ಏದುಸಿರು ಬಿಟ್ಟಿತು. ಗಂಡ ಹೆಂಡಿರಿಬ್ಬರೂ ಪರದೆ ಬಿಟ್ಟು ತಲೆಯ ಮೇಲಿನ ಬಲ್ಬನ್ನೇ ನೋಡುತ್ತ ಕೂತರು, ಕರೆಂಟು ಹೋದರೆ ಮತ್ತೆ ಎಂಬತ್ತು.

ಹೋಗಲಿಲ್ಲ. ಪ್ಯಾಕೇಜು ಕಟ್ಟಿ ಮುಗಿಯಿತು. ಮಜೀದರು ಫೈಲು ಒತ್ತಿದರು.

ಮೊದಲು ದಾರ ಹರಿದ ಸದ್ದು. ಆಮೇಲೆ ಒಂದು ಕೆಮ್ಮು. ಆಮೇಲೆ, ಪಡಸಾಲೆಯಲ್ಲೇ ಕೂತಂತೆ, ಜಮಾಲಬಿ:

"ಏನಪಾ ಮಜೀದ, ಸಂಜಿ ನಮಾಜಿನ ಹೊತ್ತಾತು, ನಿನ್ನ ಪೆಟ್ಟಿಗ್ಯಾಗ ನಡು ಮಧ್ಯಾಹ್ನ ಆಗೇತಲ್ಲ? ಗಡಿಯಾರ ತಪ್ಪೈತಿ ನೋಡು. ಮೊದಲ ಅದನ್ನ ಸರಿ ಮಾಡು."

ಅದರ ಹಿಂದೆಯೇ ಎರಡು ವರ್ಷದ ಹಿಂದಿನ ಮಜೀದರ ದನಿ, ಗತ್ತಿನಲ್ಲಿ: "ಗಡಿಯಾರಕ್ಕೂ ಇದಕ್ಕೂ ಏನ ಸಂಬಂಧರಿ ಅತ್ತಿ! ನೀವು ಹಾಡ್ರಿ!"

ಆಮೇಲೆ ಗುನುಗು ಶುರುವಾಯಿತು, ಹೊಲಿಗೆಯ ಲಯಕ್ಕೆ, ತಗ್ಗು ದನಿಯಲ್ಲಿ. ಫರ್ಜಾನಾ ಸೆರಗು ಬಾಯಿಗೆ ಒತ್ತಿಕೊಂಡು ಕೇಳಿದಳು. ಅವಳ ಭುಜ ಅಲುಗುತ್ತಿದ್ದದ್ದು ಅಳುವಿಗೋ ನಗುವಿಗೋ ಮಜೀದರಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಮೂರು ನಿಮಿಷ ಮುಗಿಯಿತು.

"ಇನ್ನೊಮ್ಮೆ ಹಚ್ರಿ," ಎಂದಳು.

"ಹಾಡು?"

"ಹಾಡು ನಾಳಿ ಮಂದಿ ಬಂದಾಗ ಕೇಳೂಣಂತ," ಕಣ್ಣೊರೆಸಿಕೊಂಡಳು ಫರ್ಜಾನಾ. "ಈಗ ನಿಮ್ಮನ್ನ ಬೈದದ್ದಷ್ಟ ಹಚ್ರಿ. ನಿನ್ನಿ ಸಂಜಿಯಿಂದ ನಾ ಬೈಬೇಕಂತ ಮಾಡಿದ್ದೆ, ಅವ್ವ ನನಗಿಂತ ಚಲೋ ಬೈದಾಳ."