ಕೊರಿಯಾದ ಸೊಸೆಗೆ ಕೋಡಿಯ ಪೂಜೆ

ಮೊಬೈಲ್ ಅಂಗಡಿಯಲ್ಲಿ ಕೂತವರು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ. ರೀಚಾರ್ಜಿನ ನೆಪದಲ್ಲಿ ಅದೇ ಬಂದು ಕೌಂಟರಿಗೆ ಮೊಣಕೈ ಊರುತ್ತದೆ. ಕುಂದಾಪುರದ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ ನನಗೆ ಮೊಬೈಲಿನಲ್ಲಿ ಜಪಾನ್, ಕೊರಿಯಾದ ಚಿತ್ರಕಥೆ, ಅಂದರೆ ಕಾಮಿಕ್ಸ್, ಓದುವ ಚಟ ಹಿಡಿಯಿತು. ಚಟ ನನ್ನದು, ಫಜೀತಿ ಎಲ್ಲರದ್ದು.

1. ಪುಕ್ಕಟೆ ರಿಪೇರಿ

ಜಪಾನಿನ ಚಿತ್ರಕಥೆಯನ್ನು ಬಲದಿಂದ ಎಡಕ್ಕೆ ಓದಬೇಕು. ಪುಟ ಸರಿಸುವುದೂ ಉಲ್ಟಾ. ನಾನು ಊಟಕ್ಕೆ ಹೋಗಿದ್ದಾಗ ಅಂಗಡಿ ಯಜಮಾನರು ನನ್ನ ಮೊಬೈಲ್ ಎತ್ತಿಕೊಂಡು ನೋಡಿದರಂತೆ. ಮುಂದೆ ಸರಿಸಿದರೆ ಪುಟ ಹಿಂದೆ ಹೋಗುತ್ತಿದೆ!

ನಾನು ಕೈ ತೊಳೆದು ಬರುವಷ್ಟರಲ್ಲಿ ಫೋಟೊ, ನಂಬರು, ಕಥೆ ಎಲ್ಲ ಮಾಯ.

“ನಿನ್ನ್ ಟಚ್ ಹಾಳಾಯಿತ್ತ್ ಹೆಣ್ಣೆ. ಎಲ್ಲಾ ಅಳ್ಸಿ ಹೊಸ್ತಾಗಿ ಸೆಟ್ ಮಾಡ್ದೆ. ದುಡ್ಡ್ ಬ್ಯಾಡ” ಎಂದರು.

2. ಗಂಡನ ಗಲ್ಲ

ಆಮೇಲೆ ಕೊರಿಯಾದ ಕಥೆಗಳ ಆ್ಯಪ್ ಹಾಕಿಕೊಂಡೆ. ಅಲ್ಲಿ ಮೇಲಿಂದ ಕೆಳಕ್ಕೆ ಸರಿಸಿದರಾಯಿತು, ಯಜಮಾನರಿಗೂ ಅನುಮಾನವಿಲ್ಲ. ವಾರಕ್ಕೊಂದು ಕಂತು. ಕಡಲ ದಂಡೆಯ ಕೋಡಿಯಿಂದ ಮೀನು ಮಾರಲು ಬರುವ ಅಕ್ಕ ಒಂದು ದಿನ ಇಣುಕಿದಳು. ಚಿತ್ರದಲ್ಲಿ ಒಬ್ಬಳು ಕಣ್ಣೀರು ಸುರಿಸುತ್ತಿದ್ದಳು.

“ಈ ಹೆಣ್ಣ್ ಎಂತಕೆ ಮರ್ಕ್ತಾ ಇತ್ತ್?”

“ಅರಮನೆ ಸೊಸೆ ಅಕ್ಕ. ಅತ್ತೆಗೆ ಕಂಡ್ರೆ ಆತಿಲ್ಲೆ.”

ಅಷ್ಟು ಸಾಕಾಯಿತು. ಅಂದಿನಿಂದ ವಾರವಾರವೂ ಬುಟ್ಟಿ ಹೊರಗಿಟ್ಟು ಸ್ಟೂಲಿನಲ್ಲಿ ಕೂತಳು. ನಾನು ಇಂಗ್ಲಿಷಿನ ಸಾಲುಗಳನ್ನು ನಮ್ಮ ಕನ್ನಡದಲ್ಲಿ ಓದಿ ಹೇಳಬೇಕು. ಕೊರಿಯಾದ ಹೆಸರಿಗೆ ನಾಲಿಗೆ ಹೊರಳದೆ ಸೊಸೆಗೆ ಸುನಂದ ಎಂದು ನಾಮಕರಣವನ್ನೂ ಮಾಡಿದಳು. ಉದ್ದ ಕೂದಲು, ಕಿವಿಗೆ ಓಲೆ, ಚೂಪು ಗಲ್ಲದ ಇನ್ನೊಬ್ಬರು ಬಂದಾಗ, “ಸುನಂದನ ತಂಗಿಯಾ?” ಎಂದಳು.

“ಗಂಡ, ಅಕ್ಕ.”

ಅಕ್ಕ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದಳು. “ಅವ್ನ್ ಗಲ್ಲದಗೆ ಬಂಗ್ಡೆ ಕೊಯ್ಲಕ್ಕ್ ಮಾರಾಯ್ತಿ.”

3. ರಜೆ

ಅತ್ತೆ ಸಾರಿಗೆ ವಿಷ ಹಾಕಿದಳು. ಸುನಂದ ಕಣ್ಣು ಮುಚ್ಚಿದಳು. ಅತ್ತೆಯನ್ನು ಸೆರೆಗೆ ತಳ್ಳಿದರು. ಅದರ ಕೆಳಗೆ ಒಂದು ಸಾಲು: ಚಿತ್ರಕಾರರಿಗೆ ಹುಷಾರಿಲ್ಲ, ಕೆಲವು ವಾರ ರಜೆ.

“ಹೆಣ್ಣಿಗ್ ವಿಷ ಕುಡ್ಸಿ ರಜೆಯಾ? ನಾನ್ ಜ್ವರ ಬಂದ್ರೂ ಮೀನ್ ಮಾರೂದಿಲ್ಯಾ?”

ಅಕ್ಕನ ಒತ್ತಾಯಕ್ಕೆ ಆ್ಯಪಿನ ಕಂತಿನ ಕೆಳಗೆ ಇಂಗ್ಲಿಷಿನಲ್ಲಿ ಕಾಮೆಂಟ್ ಹಾಕಿದೆ: ನಮ್ಮ ಅಕ್ಕನಿಗೆ ನಿದ್ದೆಯಿಲ್ಲ. ಯಾವುದೋ ದೇಶದವರು “ನಮ್ಮ ಅಜ್ಜಿಗೂ ಇಲ್ಲ” ಎಂದು ಉತ್ತರ ಬರೆದರು.

“ಕಂಡ್ಯಾ, ವಿಷಯ ಊರಿಗೆಲ್ಲ ಗೊತ್ತಾಯಿತ್ತ್” ಎಂದಳು ಅಕ್ಕ.

4. ಸಂಕಲ್ಪ

ಅಕ್ಕನ ಸಂಕಟ ನೋಡಿ ನನಗೂ ಪಾಪ ಅನ್ನಿಸುತ್ತಿತ್ತು. ಆದರೆ ನನ್ನನ್ನು ಕೋಡಿಯ ದೇವಸ್ಥಾನಕ್ಕೆ ಎಳೆದೊಯ್ಯುತ್ತಾಳೆ ಅಂದುಕೊಂಡಿರಲಿಲ್ಲ. ಪೂಜೆ ಯಾರ ಹೆಸರಿನಲ್ಲಿ ಎಂದು ಭಟ್ಟರು ಕೇಳಿದರು.

“ಸುನಂದ. ವಿಷ ಕುಡ್ದ್ ಮಲ್ಕಂಡಿತ್ತ್” ಎಂದಳು ಅಕ್ಕ.

“ಅಯ್ಯೋ ದೇವ್ರೆ! ನಕ್ಷತ್ರ? ಗೋತ್ರ?”

“ಗೊತ್ತಿಲ್ಲೆ.”

“ಅಡ್ಡಿಲ್ಲೆ, ಗೋತ್ರ ಕಾಶ್ಯಪ ಅಂತ ಹೇಳ್ವ. ಯಾವ್ ಆಸ್ಪತ್ರೆ?”

“ಆಸ್ಪತ್ರೆ ಅಲ್ಲ, ಅರಮನೆ.”

ಭಟ್ಟರು ನನ್ನ ಮುಖ ನೋಡಿದರು. ನಾನು ಕಂಬ ನೋಡಿದೆ. ಪೂಜೆ ಸಾಂಗವಾಗಿ ನಡೆಯಿತು.

ರಜೆ ಮುಗಿದು ಕಂತು ಬಂತು. ಸುನಂದ ಕಣ್ಣು ಬಿಟ್ಟಳು! ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ನಾನೂ ಮೂಗೆಳೆದೆ. ಇನ್ನಷ್ಟು ಕೆಳಗೆ ಸರಿಸಿದೆ. ಅತ್ತೆಯನ್ನೂ ಸೆರೆಯಿಂದ ಬಿಟ್ಟಿದ್ದಾರೆ. ಮೊದಲಿಗಿಂತ ಮೈ ಕೈ ತುಂಬಿಕೊಂಡು ಸಿಂಹಾಸನದ ಪಕ್ಕದಲ್ಲೇ ಕೂತಿದ್ದಾಳೆ.

ಅಕ್ಕ ಎದ್ದವಳೇ ನೆಟ್ಟಗೆ ದೇವಸ್ಥಾನಕ್ಕೆ. ಹಿಂದೆ ನಾನು.

“ಹ್ವಾಯ್ ಭಟ್ರೆ, ಆವತ್ತ್ ಎಂತ ಹೇಳಿ ಪೂಜೆ ಮಾಡಿದ್ರಿ?”

“ಯಾವತ್ತೂ ಹೇಳೂದೇ. ಸುನಂದನ ಹೆಸ್ರ್ ಹೇಳಿ, ಸಹಕುಟುಂಬಾನಾಂ ಕ್ಷೇಮ, ಆಯುರಾರೋಗ್ಯ...”

“ಅದೇ ಕಾಣಿ! ಹೆಣ್ಣೊಬ್ಳಿಗ್ ಮಾಡಿ ಅಂದ್ರೆ ಇಡೀ ಕುಟುಂಬಕ್ಕ್ ಮಾಡಿದ್ರಿ. ಈಗ ಆ ಅತ್ತೇನೂ ಗಟ್ಟಿಮುಟ್ಟಾಗಿ ಕೂಕಂಡಿತ್ತ್!”

ಭಟ್ಟರು ಕೈಯಲ್ಲಿದ್ದ ಗಂಟೆ ಕೆಳಗಿಟ್ಟರು.

“ಆಯ್ತ್, ಮುಂದಿನ್ ಸಲ ಅತ್ತೆ ಒಬ್ಳನ್ನ್ ಬಿಟ್ಟ್ ಸಹಕುಟುಂಬಾನಾಂ ಅಂತ ಹೇಳ್ವ.”