ಎರಡು ಬ್ಯಾಟರಿಯ ಮಾವ

ನಿಮ್ಮ ಗಾಡಿ ಎಲ್ಲಿ ಬೇಕಾದರೂ ಕೆಟ್ಟು ನಿಲ್ಲಲಿ, ನನ್ನ ಸೋದರಮಾವನ ಕಣ್ಣೆದುರು ಮಾತ್ರ ನಿಲ್ಲದಿರಲಿ! ಅವರು ಸಹಾಯ ಮಾಡುವುದಿಲ್ಲ ಎಂದಲ್ಲ. ಮಾಡುತ್ತಾರೆ, ಮಾಡಿಯೇ ತೀರುತ್ತಾರೆ, ನೀವು ಕೈಮುಗಿದು ಬೇಡವೆಂದರೂ ಬಿಡುವುದಿಲ್ಲ. ತೊಂದರೆ ಇರುವುದೇ ಅಲ್ಲಿ.

ಮಾವ ಇರುವುದು ಭದ್ರಾವತಿಯ ಜನ್ನಾಪುರದಲ್ಲಿ. ಕಾರ್ಖಾನೆಯೊಂದರಲ್ಲಿ ಸೇಫ್ಟಿ ಸೂಪರ್‌ವೈಸರ್ ಆಗಿದ್ದವರು. ನಿವೃತ್ತಿಯ ದಿನ ಅಲ್ಲಿನವರು ಹಾರ ಹಾಕಿ, ಶಾಲು ಹೊದಿಸಿ, ನೆಮ್ಮದಿಯ ಉಸಿರು ಬಿಟ್ಟರಂತೆ. ಅಂದಿನಿಂದ ಅವರ ಸೇಫ್ಟಿ ನಮ್ಮ ಕೊರಳಿಗೆ ಬಿತ್ತು. ಅವರ ಮನೆಯಲ್ಲಿ ಒಂದು ಬಲ್ಬು ಬದಲಿಸಬೇಕೆಂದರೆ ಸ್ಟೂಲು ಹತ್ತಲು ಒಬ್ಬ, ಸ್ಟೂಲು ಹಿಡಿಯಲು ಇನ್ನೊಬ್ಬ, ಹಿಡಿದವನು ಬಿಡದಂತೆ ನೋಡಿಕೊಳ್ಳಲು ಮತ್ತೊಬ್ಬ!

ಇಂಥವರು ಒಂದು ಹಳೇ ವ್ಯಾನು ಕೊಂಡರು. ಕೊಂಡವರು ಸುಮ್ಮನಿದ್ದರೇ? ಅದಕ್ಕೆ ಎರಡು ಬ್ಯಾಟರಿ ಹಾಕಿಸಿ, ನಡುವೆ ಒಂದು ದಪ್ಪನೆಯ ಸ್ವಿಚ್ಚು ಕೂರಿಸಿದರು.

"ಎರಡು ಯಾಕೆ ಮಾವ?" ಎಂದೆ.

"ಒಂದು ನಮಗೆ, ಒಂದು ಊರಿಗೆ. ಯಾರದ್ದಾದ್ರೂ ಗಾಡಿ ಸತ್ರೆ ಎರಡನೇದ್ರಿಂದ ಕರೆಂಟ್ ಕೊಡ್ತೀನಿ. ಸ್ವಿಚ್ ಆಫ್ ಮಾಡಿಟ್ರೆ ಊರಿಂದು ಖಾಲಿಯಾದ್ರೂ ನಮ್ಮದು ಭದ್ರ. ದೇವ್ರು ನಿಂಗೆ ಎರಡು ಕಿಡ್ನಿ ಯಾಕೆ ಕೊಟ್ಟಿದ್ದಾನೆ ಹೇಳು?"

"ದಾನ ಮಾಡೋಕಾ?"

"ಮತ್ತೆ! ಒಂದೊಂದ್ಸಲ ನಿಂಗೂ ತಲೆ ಓಡುತ್ತೆ ಮಾರಾಯ."

ಆ ವರ್ಷದ ಆಯುಧಪೂಜೆಗೆ ಎರಡು ಬ್ಯಾಟರಿಗೂ ಬೇರೆ ಬೇರೆ ಹಾರ, ಬೇರೆ ಬೇರೆ ಕುಂಬಳಕಾಯಿ. ಅತ್ತೆ ಬಾಗಿಲಲ್ಲಿ ನಿಂತು, "ನಂಗೆ ಒಂದು ಮೊಳ ಮಲ್ಲಿಗೆ ತನ್ನಿ ಅಂದ್ರೆ ಮರೆತು ಬರ್ತಾರೆ. ಇವೆರಡೂ ನಂಗೆ ಸವತಿಯರು ಅಂತ ಕಾಣುತ್ತೆ!" ಎಂದರು. ಅತ್ತೆಯ ಬಾಯಿ ಅಂಥದ್ದು. ಕಾರ್ಖಾನೆಯ ಸೈರನ್ನಿಗೂ ನಿಲ್ಲದ ಮಾವನ ಭಾಷಣ ಅತ್ತೆಯ ಒಂದು ಮಾತಿಗೆ ನಿಲ್ಲುತ್ತಿತ್ತು.

ಶಿವಮೊಗ್ಗದ ಮದುವೆಯೊಂದರ ಕತೆ ಕೇಳಿ. ದಿಬ್ಬಣ ಹೊರಡಬೇಕು, ಹೂವಿನಲ್ಲಿ ಮುಳುಗಿದ್ದ ಮದುಮಗನ ಕಾರು ಜಪ್ಪಯ್ಯ ಅಂದರೂ ಸ್ಟಾರ್ಟಾಗದು. ರಾತ್ರಿಯಿಡೀ ಅದರಲ್ಲಿ ಹಾಡು ಹಾಕಿಕೊಂಡು ಕೂತಿದ್ದರಂತೆ ಗೆಳೆಯರು. ಮಾವ ಪಂಚೆ ಎತ್ತಿಕಟ್ಟಿ ಬಂದೇಬಿಟ್ಟರು! ಮೊದಲು ಎರಡು ಗಾಡಿಗಳನ್ನೂ ಒಂದಕ್ಕೊಂದು ತಾಗದಂತೆ ನಿಲ್ಲಿಸಿದರು. ಆಮೇಲೆ ಮದುಮಗನ ಉಂಗುರ, ಬ್ರೇಸ್ಲೆಟ್ಟು, ವಾಚು ಎಲ್ಲ ಬಿಚ್ಚಿಸಿದರು. "ಲೋಹ ತಾಗಿದ್ರೆ ಬೆರಳು ಸುಟ್ಟುಹೋಗುತ್ತೆ. ಆಮೇಲೆ ಹೆಣ್ಣಿನವರು ಉಂಗುರ ಎಲ್ಲಿಗೆ ಹಾಕ್ತಾರೆ?" ನಂತರ ಪಾಠ ಶುರುವಾಯಿತು.

"ಕೆಂಪು ವೈರು ಮೊದಲು ಸತ್ತಿರೋದ್ರ ಪ್ಲಸ್ಸಿಗೆ, ಆಮೇಲೆ ಬದುಕಿರೋದ್ರ ಪ್ಲಸ್ಸಿಗೆ. ಕಪ್ಪು ಬದುಕಿರೋದ್ರ ಮೈನಸ್ಸಿಗೆ. ಕಪ್ಪಿನ ಇನ್ನೊಂದು ತುದಿ ಎಲ್ಲಿಗೆ? ನೀನು ಹೇಳಪ್ಪ ಮದುಮಗ."

"ಸತ್ತಿರೋದ್ರ ಮೈನಸ್ಸಿಗೆ."

"ತಪ್ಪು! ಬ್ಯಾಟರಿಯಿಂದ ದೂರ, ಇಂಜಿನ್ನಿನ ಬರೀ ಕಬ್ಬಿಣಕ್ಕೆ. ಬ್ಯಾಟರಿ ಹತ್ರ ಗ್ಯಾಸ್ ಇರುತ್ತೆ. ಕಿಡಿ ಹಾರಿದ್ರೆ ಢಮಾರ್! ಮೊದಲಿಂದ ಹೇಳು."

ಮದುಮಗನ ತಾಯಿ ಹಣೆ ಚಚ್ಚಿಕೊಂಡರು. "ಮದುವೆ ಮನೆ ಬಾಗಿಲಲ್ಲಿ ಸತ್ತಿರೋದು ಸತ್ತಿರೋದು ಅಂತೀರಲ್ರೀ!" ಕೊನೆಗೆ ವ್ಯಾನಿನೊಳಗಿಂದ ಅತ್ತೆಯ ದನಿ ಬಂತು. "ರೀ, ನಿಮ್ಮ ಪಾಠ ಮುಗಿಯೋದ್ರೊಳಗೆ ಆ ಹುಡುಗನಿಗೆ ಮಕ್ಕಳಾಗುತ್ತೆ. ಕೊಡ್ರೀ ಕರೆಂಟು!" ಮಾವ ತೆಪ್ಪಗೆ ಕೊಟ್ಟರು. ಕಾರು ಸ್ಟಾರ್ಟಾಯಿತು, ಮದುವೆಯೂ ಆಯಿತು.

ಆ ಅತ್ತೆಗೆ ಹೋದ ವರ್ಷ ಸ್ಟ್ರೋಕ್ ಆಯಿತು. ಕೈಕಾಲು ಮೆಲ್ಲಗೆ ಹಿಡಿತಕ್ಕೆ ಬಂದವು. ಮಾತು ಬರಲಿಲ್ಲ. ಎಲ್ಲ ಅರ್ಥವಾಗುತ್ತದೆ, ಬಾಯಿ ತೆರೆದರೆ ಬರೀ ಉಸಿರು. ಮಾವ ಪ್ರತಿ ಗುರುವಾರ ಅವರನ್ನು ವ್ಯಾನಿನಲ್ಲಿ ಕೂರಿಸಿಕೊಂಡು ನಾನಿರುವ ಶಿವಮೊಗ್ಗಕ್ಕೆ, ಮಾತು ಕಲಿಸುವ ಡಾಕ್ಟರಮ್ಮನ ಹತ್ತಿರ ಬರತೊಡಗಿದರು. "ಮನೇಲಿ ನೀವು ಸದಾ ಮಾತಾಡಿಸ್ತಾ ಇರಿ" ಎಂದಿದ್ದರಂತೆ ಆಕೆ. ಇದನ್ನು ಯಾರಿಗೆ ಹೇಳುವುದು, ನಮ್ಮ ಮಾವನಿಗೇ? ಓಡುವ ಕುದುರೆಗೆ ಚಾಟಿಯೇ?

ಒಂದು ಸಲ ನಾನೂ ವ್ಯಾನಿನಲ್ಲಿದ್ದೆ. ಜನ್ನಾಪುರದಿಂದ ಶಿವಮೊಗ್ಗದವರೆಗೆ ಮಾವ ಅತ್ತೆಗೆ ಹೇಳಿದ್ದು ಬ್ಯಾಟರಿ ವಿಚಾರ. ಕೆಂಪು ಎಲ್ಲಿಗೆ, ಕಪ್ಪು ಎಲ್ಲಿಗೆ, ಉಬ್ಬಿದ ಬ್ಯಾಟರಿಗೆ ಯಾಕೆ ಕೈ ಹಚ್ಚಬಾರದು, ವೈರಿನ ತುದಿಯ ಕೊಕ್ಕೆ ಬಿಚ್ಚುವಾಗ ಯಾಕೆ ಹಾಕಿದ್ದರ ಉಲ್ಟಾ ಬರಬೇಕು! ಅತ್ತೆ ಕಿಟಕಿಯಾಚೆ ನೋಡುತ್ತ ಕೂತಿದ್ದರು. ನನಗೆ ತಡೆಯಲಾಗಲಿಲ್ಲ. ಇಳಿದ ಮೇಲೆ ಪಕ್ಕಕ್ಕೆ ಕರೆದು, "ಪಾಪ ಅತ್ತೆ! ಮಾವ, ಬೇರೆ ವಿಷಯವೇ ಸಿಗಲ್ವಾ ನಿಮಗೆ?" ಎಂದೆ.

ಮಾವ ದನಿ ತಗ್ಗಿಸಿದರು. "ನಿಂಗೊತ್ತಿಲ್ಲ ಮಾರಾಯ. ಅವಳಿಗೆ ಮೈಯೆಲ್ಲ ಉರಿಯೋದು ಇದೊಂದೇ ವಿಷಯಕ್ಕೆ. ಇವತ್ತಲ್ಲ ನಾಳೆ ತಡೀಲಾರದೆ ಬೈದೇ ಬೈತಾಳೆ ನೋಡು. ಒಂದು ಬೈಗುಳ ಬಂದ್ರೆ ಸಾಕು, ಉಳಿದಿದ್ದು ಹಿಂದೇನೇ ಬರುತ್ತೆ."

ಬೈಸಿಕೊಳ್ಳಲು ಇಷ್ಟು ಕಷ್ಟಪಡುವ ಗಂಡನನ್ನು ನಾನು ಬೇರೆಲ್ಲೂ ನೋಡಿಲ್ಲ. ಆದರೆ ಅತ್ತೆ ಬೈಯಲಿಲ್ಲ. ಮಳೆಗಾಲ ಮುಗಿಯಿತು, ದೀಪಾವಳಿಯೂ ಕಳೆಯಿತು. ಮಾವನ ಪಾಠ ಉದ್ದವಾಗುತ್ತಲೇ ಹೋಯಿತು, ಮುಖ ಮಾತ್ರ ಸಣ್ಣದಾಗುತ್ತ ಬಂತು.

ಕಳೆದ ತಿಂಗಳ ಒಂದು ಗುರುವಾರ ಅವರನ್ನು ನೋಡಲೆಂದು ನಾನೇ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಹೋದೆ. ವಾಪಸು ಹೊರಡುವಾಗ ನನ್ನ ಕಾರು ಸ್ಟಾರ್ಟಾಗಲಿಲ್ಲ. ಹೆಡ್‌ಲೈಟು ಆರಿಸದೇ ಒಳಗೆ ಹೋಗಿದ್ದೆ! ಮಾವನ ಕಣ್ಣು ಮಿನುಗಿತು. ಅತ್ತೆಗೆ ದೂರದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿ ಕೂರಿಸಿದರು. ವ್ಯಾನು ತಂದು ನಿಲ್ಲಿಸಿ, ಸ್ವಿಚ್ಚು ನೋಡಿ, ನನ್ನ ಉಂಗುರ ಬಿಚ್ಚಿಸಿ, ಅತ್ತೆಗೆ ಕೇಳುವಂತೆ ಗಟ್ಟಿಯಾಗಿ ಪಾಠ ಆರಂಭಿಸಿದರು. ಕೆಂಪು ಕೊಕ್ಕೆ ಎರಡೂ ಹಾಕಿದರು. ವ್ಯಾನಿನ ಕಡೆಯ ಕಪ್ಪನ್ನೂ ಹಾಕಿದರು. ಕೊನೆಯ ಕೊಕ್ಕೆ ಕೈಯಲ್ಲಿತ್ತು, ಕಣ್ಣು ಮಾತ್ರ ಅತ್ತೆಯ ಮುಖದ ಮೇಲೆ. ಸಿಟ್ಟು ಬಂತೇ, ತುಟಿ ಅಲುಗಿತೇ ಎಂದು ನೋಡುತ್ತ ನೋಡುತ್ತ, ಜೀವಮಾನದಲ್ಲಿ ಮೊದಲ ಬಾರಿಗೆ, ಮಾವ ಆ ಕೊಕ್ಕೆಯನ್ನು ನನ್ನ ಕಾರಿನ ಬ್ಯಾಟರಿಗೇ ಹಿಡಿಯಲು ಹೋದರು.

"ರೀ! ಅಲ್... ಅಲ್ಲಿ ಬೇಡ!"

ಅತ್ತೆ ಕುರ್ಚಿಯಿಂದ ಅರ್ಧ ಎದ್ದಿದ್ದರು. ಆ ದನಿಯಲ್ಲಿ ಸಿಟ್ಟಿನ ಎಳೆಯೂ ಇರಲಿಲ್ಲ. ಅದು ಶುದ್ಧ ಗಾಬರಿ, ಗಂಡನಿಗೆ ಏನಾದರೂ ಆದೀತೆಂಬ ಗಾಬರಿ.

ಮಾವ ಕೊಕ್ಕೆಯನ್ನು ಮೆಲ್ಲಗೆ ನನ್ನ ಕೈಗೆ ಕೊಟ್ಟು ಅತ್ತೆಯ ಹತ್ತಿರ ಹೋದರು. "ಮತ್ತೆ... ಮತ್ತೆ ಎಲ್ಲಿಗೆ?" ಎಂದು ಕೇಳಿದರು.

ಅತ್ತೆ ನಾಲಿಗೆಯನ್ನು ಕಷ್ಟಪಟ್ಟು ಹೊರಳಿಸಿದರು. "ಇಂ... ಇಂಜಿನ್... ಕಬ್ಬಿಣ."

ಮಾವ ಅಲ್ಲೇ ನೆಲದ ಮೇಲೆ ಕುಕ್ಕರಿಸಿ, ಅವರ ಕೈ ಹಿಡಿದುಕೊಂಡು, ನಾಲ್ಕು ಜನ ನೋಡುತ್ತಿದ್ದಾರೆಂಬ ಪರಿವೆಯಿಲ್ಲದೆ ಬಿಕ್ಕಿ ಬಿಕ್ಕಿ ಅತ್ತರು. ನನ್ನ ಕಣ್ಣೂ ತುಂಬಿತ್ತು.

"ಅಲ್ಲ ಕಣೇ, ಇಷ್ಟು ವರ್ಷ ನಾನು ಹೇಳಿದ್ದನ್ನೆಲ್ಲ ಕೇಳಿಸ್ಕೊಳ್ತಾ ಇದ್ಯಾ ನೀನು?"

ಅತ್ತೆ ಇನ್ನೊಂದು ಕೈಯನ್ನು ಅವರ ತಲೆಯ ಮೇಲಿಟ್ಟು, "ಹೂಂ" ಎಂದರು.