ಇಂಟರ್ವಲ್‌ವರೆಗಿನ ಸಂತ

ನಮ್ಮ ಸಭೆಯಲ್ಲಿ ಸಿನಿಮಾ ನೋಡುವವರು ಯಾರೂ ಇಲ್ಲ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಸಭೆ ಎಂದರೆ ದೊಡ್ಡದೇನಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಕೆಲವೇ ಕ್ರೈಸ್ತ ಕುಟುಂಬಗಳು ತಿಂಗಳಿಗೊಮ್ಮೆ ಮೂಡಲಗಿಯ ಒಂದು ಮನೆಯ ಪಡಸಾಲೆಯಲ್ಲಿ ಸೇರಿ ಪ್ರಾರ್ಥನೆ ಮಾಡುತ್ತೇವೆ, ಅದಕ್ಕೆ ಸಭೆ ಎನ್ನುತ್ತೇವೆ. ಅಲ್ಲಿ ಸಿನಿಮಾದ ಮಾತೆತ್ತಿದರೆ ಎಲ್ಲರೂ ಚಾಪೆಯ ಅಂಚು ನೋಡತೊಡಗುತ್ತಿದ್ದರು. ಅದಕ್ಕೆ ಕಾರಣ ಹುಕ್ಕೇರಿಯ ಮಾರ್ಥಾಬಾಯಿ ಟೀಚರು. ಅವರು ಶಾಲೆಯಿಂದ ನಿವೃತ್ತರಾಗಿದ್ದಾರೆ, ನಮ್ಮಿಂದ ಇನ್ನೂ ಆಗಿಲ್ಲ. ಸಿನಿಮಾ ಪೋಸ್ಟರನ್ನು ಅವರು ‘ಸೈತಾನನ ಕ್ಯಾಲೆಂಡರ್’ ಎನ್ನುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ ಪೋಸ್ಟರಿಗೆ ಬೆನ್ನು ತಿರುಗಿಸಿಯೇ ನಿಲ್ಲುತ್ತಾರೆ. ಹಾಗೆ ನಿಂತು ಒಮ್ಮೆ ಬಸ್ಸಿಗೂ ಬೆನ್ನು ತಿರುಗಿಸಿ ಅದನ್ನು ತಪ್ಪಿಸಿಕೊಂಡಿದ್ದಾರೆ. ಇಂಥವರಿರುವ ಸಭೆಯಲ್ಲಿ ಥಿಯೇಟರಿಗೆ ಹೋಗುವ ಒಬ್ಬನೇ ಪಾಪಿ ನಾನು ಎಂಬ ಗುಟ್ಟಿನ ಹೆಮ್ಮೆಯೂ ನನಗಿತ್ತು. ಗೋಕಾಕದಲ್ಲಿ ನನ್ನದೊಂದು ಕನ್ನಡಕದ ಅಂಗಡಿಯಿದೆ. ದಿನವಿಡೀ ಊರಿನವರ ದೃಷ್ಟಿ ಸರಿಪಡಿಸುವವನಿಗೆ ತಾನೂ ಏನಾದರೂ ನೋಡಬೇಕೆನ್ನಿಸುವುದು ಸಹಜವಲ್ಲವೇ?

ಹೀಗಿರುವಾಗ ನಮ್ಮ ಪಾಸ್ಟರು ಒಂದು ದಿನ ಅಂಗಡಿಗೆ ಬಂದು ನನ್ನನ್ನು ಬೆಚ್ಚಿಬೀಳಿಸಿದರು. “ಸಂಜೀವಣ್ಣಾ, ಹುಡುಗ್ರು ಪ್ರಾರ್ಥನಿಗೆ ಬಂದ್ರೂ ಮೊಬೈಲ್‌ನಿಂದ ತಲಿ ಎತ್ತೂದಿಲ್ಲ. ಅವ್ರು ಏನ್ ನೋಡ್ತಾರ, ಅದರಾಗಿಂದನ ಒಂದು ಆತ್ಮಿಕ ಪಾಠ ತಗದು ಹೇಳ್ರಿ. ಮುಂದಿನ ತಿಂಗಳ ವಾಕ್ಯ ಹೇಳೂದು ನಿಮ್ದ,” ಎಂದರು.

“ಸಿನಿಮಾದಾಗಿಂದ ಏನ್ರಿ?” ಎಂದೆ. ಕೈಯಲ್ಲಿದ್ದ ಫ್ರೇಮು ಜಾರಿ ಬಿತ್ತು.

“ಹೌದ್ರಿ, ಸಿನಿಮಾದಾಗಿಂದ. ಮಾರ್ಥಾಬಾಯಿ ಟೀಚರಿಗೆ ನಾ ಹೇಳ್ತೀನಿ, ನೀವ್ ಚಿಂತಿ ಮಾಡಬ್ಯಾಡ್ರಿ.”

ಅವರು ಹೇಳಲಿಲ್ಲ. ಹುಲಿಗೆ ಹೇಳುತ್ತೇನೆ ಎನ್ನುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಅದು ನನಗೆ ಆಮೇಲೆ ತಿಳಿಯಿತು.

ನನಗೆ ಸಿನಿಮಾ ಹುಡುಕುವ ಕಷ್ಟವಿರಲಿಲ್ಲ. ಸ್ವಲ್ಪ ದಿನದ ಹಿಂದೆ ಸಂಬಂಧಿಕರ ಮನೆಗೆಂದು ಹುಕ್ಕೇರಿಗೆ ಹೋದಾಗ ಒಂದನ್ನು ನೋಡಿದ್ದೆ. ಅದರ ನಾಯಕ ಶ್ರೀಮಂತ. ಎಲ್ಲ ಬಿಟ್ಟು ಬರಿಗಾಲಲ್ಲಿ ಒಂದು ಬಡ ಹಳ್ಳಿಗೆ ಬರುತ್ತಾನೆ. ಗೂಂಡಾಗಳು ಹೊಡೆದರೂ ಕೈ ಎತ್ತುವುದಿಲ್ಲ. ಯಾರೂ ಮುಟ್ಟದ ಒಬ್ಬ ಮುದುಕನ ಹುಣ್ಣಾದ ಕಾಲನ್ನು ತಾನೇ ಕೂತು ತೊಳೆಯುತ್ತಾನೆ. ಆ ದೃಶ್ಯಕ್ಕೆ ಇಂಟರ್ವಲ್ ಆಯಿತು. ನಾನು ಕಣ್ಣೊರೆಸಿಕೊಂಡು ಹೊರಗೆ ಬಂದೆ. ಗೋಕಾಕ ಬಸ್ಸು ನಿಂತಿತ್ತು, ಹತ್ತಿಬಿಟ್ಟೆ. ಇಷ್ಟು ಒಳ್ಳೆಯ ಮನುಷ್ಯನ ಕತೆ ಮುಂದೆ ಏನಾದೀತು, ಇನ್ನಷ್ಟು ಒಳ್ಳೆಯದೇ ಆಗುತ್ತದೆ ಎಂದುಕೊಂಡೆ.

ಆ ಭಾನುವಾರ ಪಡಸಾಲೆ ತುಂಬಿತ್ತು. ನಾನು ಕತೆಯನ್ನು ಬಣ್ಣ ಕಟ್ಟಿ ಹೇಳಿದೆ. ಹುಡುಗರು ನಿಜಕ್ಕೂ ತಲೆ ಎತ್ತಿದರು. ಕಾಲು ತೊಳೆಯುವ ಭಾಗಕ್ಕೆ ಬಂದಾಗ ದನಿ ಏರಿಸಿದೆ. “ನಮ್ಮ ಸ್ವಾಮಿಯೂ ಹೀಗೆಯೇ ವೈಭವ ಬಿಟ್ಟು ನಮ್ಮ ನಡುವೆ ಬಂದ. ಹೀಗೆಯೇ ಬಾಗಿ ಕಾಲು ತೊಳೆದ. ಪ್ರಿಯರೇ, ನಾವೆಲ್ಲ ಈ ನಾಯಕನ ಹಾಗೆ ಬಾಳೋಣ,” ಎಂದೆ. ಆಮೆನ್ ಬರಲಿಲ್ಲ. ಎದುರಿಗೆ ಕೂತವರ ಬಾಯಿ ಅರ್ಧ ತೆರೆದಿತ್ತು. ಭಾವಪರವಶರಾಗಿದ್ದಾರೆ ಎಂದುಕೊಂಡೆ.

ಮಾರ್ಥಾಬಾಯಿ ಟೀಚರು ಎದ್ದು ನಿಂತರು. ಸಿನಿಮಾ ಎಂಬ ಶಬ್ದಕ್ಕೇ ನನ್ನನ್ನು ಸಭೆಯಿಂದ ಹೊರಗೆ ಹಾಕುತ್ತಾರೆಂದುಕೊಂಡೆ.

“ಸಂಜೀವ, ಆ ಪಿಕ್ಚರ್ ಪೂರಾ ನೋಡೀಯೇನು?”

“ಇಂಟರ್ವಲ್ ತನಕಾ ನೋಡೀನ್ರಿ, ಟೀಚರ್.”

“ಅದಕ್ಕ ಹಿಂಗಾಗೇತಿ. ಅಂವ ನಾಟಕ ಮಾಡಾಕ ಬಂದಿರತಾನ. ಅವನ ಕಣ್ಣು ಆ ಮುದುಕನ ಹೊಲದ ಮ್ಯಾಲ. ಇಂಟರ್ವಲ್ ಆದಮ್ಯಾಲ ಹಸಿರು ರುಮಾಲಿನ ಆ ಮುದುಕನ್ನ ಬಾವಿ ತೋರಿಸ್ತೀನಿ ಅಂತ ಕರಕೊಂಡು ಹೋಗಿ ಹಿಂದಿನಿಂದ ದೂಡತಾನ. ಅವನಂಗ ಬಾಳು ಅಂತೀಯಲ್ಲ, ನಮ್ಮನ್ನ ಯಾರನ್ನ ದೂಡಬೇಕಂತ ಮಾಡೀ?”

ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಪಾಸ್ಟರು ಬಾಯಿ ತಪ್ಪಿ, “ಹಿಂದಿನಿಂದ ಅಲ್ರಿ ಟೀಚರ್, ಮುಂದಿನಿಂದ. ಮುದುಕ ಅವನ ಮಾರಿನ ನೋಡ್ತಿರತಾನ,” ಎಂದುಬಿಟ್ಟರು. ಹೇಳಿದ ಮೇಲೆ ತಾವೇ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಆದರೆ ಕಟ್ಟೆ ಒಡೆದಾಗಿತ್ತು. ಮನೆಯ ಯಜಮಾನ ಹಿಂದಿನಿಂದಲೇ ಎಂದ. ಅವನ ತಾಯಿ, ಅಷ್ಟು ಸರಿಯಾಗಿ ಕಾಣುವುದಿಲ್ಲ, ಆಗ ಮಳೆ ಬರುತ್ತಿರುತ್ತದೆ ಎಂದರು. ವರ್ಷಗಟ್ಟಲೆ ಚಾಪೆಯ ಅಂಚು ನೋಡುತ್ತಿದ್ದವರೆಲ್ಲ ಬಾವಿಯ ಸುತ್ತ ನಿಂತು ವಾದಿಸತೊಡಗಿದರು. ಆ ಸಿನಿಮಾ ಪೂರಾ ನೋಡದವನು ಇಡೀ ಪಡಸಾಲೆಯಲ್ಲಿ ಒಬ್ಬನೇ ಇದ್ದ, ಅರ್ಧ ನೋಡಿದ್ದ ನಾನು.

“ಟೀಚರ್, ನೀವು ಪಿಕ್ಚರ್...” ಎಂದು ಹೇಗೋ ಕೇಳಿದೆ.

“ತಂಗಿ ಮನಿಯಾಗ ಟಿ.ವಿ. ಹಚ್ಚಿದ್ರು. ನಾ ಕಣ್ಣು ಮುಚ್ಚಿಕೊಂಡು ಕುಂತಿದ್ದೆ. ಕಿವಿ ಮುಚ್ಚಾಕ ಕೈ ಖಾಲಿ ಇರಲಿಲ್ಲ, ಮೆಂತೆ ಸೊಪ್ಪು ಸೋಸಾಕತ್ತಿದ್ದೆ,” ಎಂದರು. ಕಣ್ಣು ಮುಚ್ಚಿದವರಿಗೆ ರುಮಾಲಿನ ಬಣ್ಣ ಹೇಗೆ ತಿಳಿಯಿತೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಅವರು ನನ್ನನ್ನು ಕೂರಿಸಿ ತಾವೇ ವಾಕ್ಯ ಮುಗಿಸಿದರು: “ಕಾಲು ತೊಳದವನೆಲ್ಲ ಸ್ವಾಮಿ ಅಲ್ಲ. ತೊಳದಮ್ಯಾಲ ಎಲ್ಲಿಗೆ ಕರಕೊಂಡು ಹೊಂಟಾನ ಅನ್ನೂದನ್ನೂ ನೋಡ್ಬೇಕು. ಪಾಠ ಅಷ್ಟ. ಆಮೆನ್.” ಅಂಥ ಗಟ್ಟಿ ಆಮೆನ್ ಆ ಪಡಸಾಲೆ ಕೇಳಿಯೇ ಇರಲಿಲ್ಲ. ಹುಡುಗರದ್ದೇ ಎಲ್ಲರಿಗಿಂತ ಜೋರು.

ಮರಳಿ ಬರುವಾಗ ಕಲ್ಲೋಳಿಯಲ್ಲಿ ಚಹಾಕ್ಕೆಂದು ಬೈಕು ನಿಲ್ಲಿಸಿದೆ. ಸಭೆಗೆ ಜೊತೆಗೇ ಬಂದಿದ್ದ ಹೆಂಡತಿ ಸುಶೀಲಾ ಹಿಂದಿನ ಸೀಟಿನಿಂದ ಇಳಿದಳು. “ನೀನೂ ನೋಡೀಯೇನು?” ಎಂದೆ.

“ತವರಮನಿಯಾಗ ನೋಡೀನ್ರಿ.”

ನನಗೆ ಚಹಾ ನೆತ್ತಿಗೇರಿತು. “ಮತ್ತ ಮನಿಯಾಗ ನಿನ್ನ ಮುಂದ ಎಲ್ಲಾ ಹೇಳಿ ತೋರಿಸಿದ್ನಲ್ಲ! ಆವಾಗ ಯಾಕ ಸುಮ್ಮನಿದ್ದಿ?”

“ಎಲ್ಲಿ ಸುಮ್ಮನಿದ್ದೆ? ‘ಛಲೋ ಐತ್ರಿ, ಆದ್ರ’ ಅಂದೆ. ಛಲೋ ಐತಿ ಅಂದಿದ್ದ ಕೇಳಿ ನೀವು ಎದ್ದು ಹೋದ್ರಿ. ಮದುವಿ ಆದಾಗಿಂದ ನಂದು ‘ಆದ್ರ’ ಅನ್ನೂದರ ಮುಂದಿನ ಮಾತು ನೀವು ಕೇಳೇ ಇಲ್ಲ.”

ಮುಖ ಬಿಗಿದುಕೊಂಡು ಬೈಕಿಗೆ ಕಿಕ್ ಹೊಡೆದೆ. ದಾರಿಯುದ್ದಕ್ಕೂ ನನ್ನ ಪರವಾಗಿ ನಾನೇ ವಾದಿಸಿದೆ. ಅವಳು ಎದುರುತ್ತರ ಕೊಡದಿದ್ದಾಗ, ತಪ್ಪು ಒಪ್ಪಿಕೊಂಡಳು ಎಂದು ಮನಸ್ಸು ಹಗುರವಾಯಿತು. ಗೋಕಾಕದ ಮನೆಗಳು ಕಂಡಾಗ, ರಾತ್ರಿಗೆ ಏನು ಅಡುಗೆ ಎಂದು ಕೇಳಲು ತಿರುಗಿದೆ. ಹಿಂದಿನ ಸೀಟಿನಲ್ಲಿ ಯಾರೂ ಇರಲಿಲ್ಲ!

ಬೈಕು ತಿರುಗಿಸಿ ಬಂದ ದಾರಿಯಲ್ಲೇ ಓಡಿಸಿದೆ. ಸುಶೀಲಾ ಅದೇ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಭಜಿ ತಿನ್ನುತ್ತಿದ್ದಳು. ಬೈಯಲಿಲ್ಲ, ಅಳಲಿಲ್ಲ. ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟು, “ಕೂಡ್ರಿ. ಆದ್ರ...” ಎಂದು ಶುರುಮಾಡಿದಳು. ಕೂತೆ. ಹೊತ್ತು ಮುಳುಗುವವರೆಗೂ ಅವಳು ಹೇಳಿದ್ದೆಲ್ಲವನ್ನೂ, ಬರೀ ಸಿನಿಮಾವನ್ನಲ್ಲ, ನಮ್ಮ ಮದುವೆಯಾದಾಗಿನಿಂದ ಬಾಕಿಯಿದ್ದದ್ದನ್ನೆಲ್ಲ, ಒಂದು ಮಾತೂ ಆಡದೆ ಕೇಳಿದೆ. ಅರ್ಧಕ್ಕೆ ಏಳಲಿಲ್ಲ. ಎಲ್ಲವೂ ಖರೆಯೇ, ನಾನು ತಿದ್ದಿಕೊಳ್ಳಬೇಕಾದ್ದೇ. ಆದರೂ ನಿಮ್ಮ ಹತ್ತಿರ ಮಾತ್ರ ಹೇಳುತ್ತೇನೆ, ಸ್ವಲ್ಪ ಉದ್ದವಾಯಿತು.